ಬರಹಗಾರರಿಗೆ ಸಲಹೆ: ಯಾವ ಸಂಪರ್ಕ?

ಪ್ರಿಯ ಲೇಖಕಿಯವರಿಗೆ,

ನಿಮ್ಮ ‘ರಕ್ತದೊಳಗಿನ ಮೌನ ಹಂತಕ’ ಲೇಖನವನ್ನು ಎರಡು ಸಲ ಓದಿದೆ. ರಕ್ತದಾನ ಮಾಡಿ ಬಂದ ನಿಮ್ಮಣ್ಣನಿಗೆ ರಕ್ತನಿಧಿಯಿಂದ ಕರೆ ಬಂದದ್ದು, ರಿಪೋರ್ಟಿನಲ್ಲಿ ‘ಎಚ್‌ಬಿಎಸ್‌ಎಜಿ: ರಿಯಾಕ್ಟಿವ್’, ಅಂದರೆ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿಯ ಪರೀಕ್ಷೆ ಪಾಸಿಟಿವ್, ಎಂದಿದ್ದದ್ದು, ಅವರು ಆ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಮೂರು ದಿನ ಯಾರಿಗೂ ಹೇಳದೆ ಓಡಾಡಿದ್ದು, ಇದಿಷ್ಟೂ ಚೆನ್ನಾಗಿ ಬಂದಿದೆ. ಭಾಷೆ ತಿಳಿಯಾಗಿದೆ. ಆದರೆ ಎರಡು ಕಡೆ ನನಗೆ ನಿಜಕ್ಕೂ ಸಿಟ್ಟು ಬಂತು. ಅವೆರಡನ್ನು ತಿದ್ದದೆ ಇದನ್ನು ಅಚ್ಚಿಗೆ ಕೊಡಲಾರೆ.

ಮೊದಲನೆಯದು ಎರಡನೇ ಪುಟದಲ್ಲಿದೆ: “ಎಚ್‌ಬಿಎಸ್‌ಎಜಿ ಎಂಬ ಈ ಮಾರಕ ವೈರಸ್ ಸದ್ದಿಲ್ಲದೆ ಯಕೃತ್ತನ್ನು ತಿಂದುಹಾಕುತ್ತದೆ.”

ಎಚ್‌ಬಿಎಸ್‌ಎಜಿ ವೈರಸ್ಸಿನ ಹೆಸರಲ್ಲ. ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದಲ್ಲಿರುವ ಪ್ರೋಟೀನಿಗೆ ಆ ಹೆಸರು. ಸೋಂಕು ತಗುಲಿದ ಯಕೃತ್ತಿನ ಜೀವಕೋಶ ಈ ಪ್ರೋಟೀನನ್ನು ಬೇಕಾದ್ದಕ್ಕಿಂತ ವಿಪರೀತ ಹೆಚ್ಚಾಗಿ ತಯಾರಿಸುತ್ತದೆ. ಹೆಚ್ಚಾದದ್ದೆಲ್ಲ ಸುಮಾರು 22 ನ್ಯಾನೊಮೀಟರಿನ ಉಂಡೆಗಳಾಗಿ, ಎಳೆಗಳಾಗಿ ರಕ್ತಕ್ಕೆ ಸೇರುತ್ತದೆ. ಒಳಗೆ ಏನೂ ಇಲ್ಲದ ಬರೀ ಸಿಪ್ಪೆ ಅದು. ವಂಶವಾಹಿ ಇಲ್ಲದ ಕಾರಣ ಅದರಿಂದಲೇ ಯಾರಿಗೂ ಸೋಂಕು ತಗಲುವುದಿಲ್ಲ. ಪೂರ್ಣ ವೈರಸ್ ಸುಮಾರು 42 ನ್ಯಾನೊಮೀಟರ್ ಇರುತ್ತದೆ, ಖಾಲಿ ಸಿಪ್ಪೆಗಳು ಸಂಖ್ಯೆಯಲ್ಲಿ ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಅಷ್ಟು ಹೇರಳವಾಗಿ ಇರುವುದರಿಂದಲೇ ಪರೀಕ್ಷೆಗೆ ಅದು ಸುಲಭವಾಗಿ ಸಿಗುತ್ತದೆ. ಸಿಪ್ಪೆ ಕಂಡಿತೆಂದರೆ ಸಾಮಾನ್ಯವಾಗಿ ವೈರಸ್ಸೂ ದೇಹದಲ್ಲಿದೆ ಎಂದರ್ಥ. ಹೆಜ್ಜೆಗುರುತು ನೋಡಿ ಯಾರೋ ಬಂದಿದ್ದಾರೆ ಎಂದು ತಿಳಿಯುವ ಹಾಗೆ. ನೀವು ಹೆಜ್ಜೆಗುರುತನ್ನೇ ಕಳ್ಳ ಎಂದು ಬರೆದಿದ್ದೀರಿ.

ಹೆಪಟೈಟಿಸ್ ಬಿ ಲಸಿಕೆಯಲ್ಲಿರುವುದೂ ಇದೇ ಪ್ರೋಟೀನು. 1986ರಿಂದ ಅದನ್ನು ಯೀಸ್ಟ್ ಜೀವಕೋಶಗಳಲ್ಲಿ ಬೆಳೆಸಿ ತೆಗೆಯುತ್ತಾರೆ. ಲಸಿಕೆ ಹಾಕಿಸಿಕೊಂಡ ಬೆನ್ನಲ್ಲೇ ರಕ್ತಪರೀಕ್ಷೆ ಮಾಡಿಸಿದರೆ, ಸೋಂಕೇ ಇಲ್ಲದವರಲ್ಲೂ ಎಚ್‌ಬಿಎಸ್‌ಎಜಿ ಕೆಲವು ದಿನ ಕಾಣಿಸಬಹುದು. ನಿಮ್ಮ ವಾಕ್ಯವನ್ನು ನಂಬಿದ ತಾಯಿಯೊಬ್ಬರು ಲಸಿಕೆಯ ಚೀಟಿಯಲ್ಲಿ ಈ ಪ್ರೋಟೀನಿನ ಹೆಸರು ನೋಡಿದರೆ ಮಗುವನ್ನು ಎತ್ತಿಕೊಂಡು ಓಡುತ್ತಾರೆ. ಇನ್ನು ‘ತಿಂದುಹಾಕುತ್ತದೆ’ ಎಂಬ ಮಾತು. ಯಕೃತ್ತಿಗೆ ಆಗುವ ಹಾನಿಯ ಬಹುಪಾಲು ಸೋಂಕಿತ ಜೀವಕೋಶಗಳ ಮೇಲೆ ನಮ್ಮದೇ ರೋಗನಿರೋಧಕ ವ್ಯವಸ್ಥೆ ನಡೆಸುವ ದಾಳಿಯಿಂದ ಆಗುವಂಥದ್ದು.

ಪ್ರೋಟೀನು ಬೇರೆ, ವೈರಸ್ ಬೇರೆ ಎಂಬುದು ಇದರ ಇತಿಹಾಸದಲ್ಲೇ ಇದೆ. ನೀವು ಈ ಪ್ರೋಟೀನಿನ ‘ಆಸ್ಟ್ರೇಲಿಯಾ ಆಂಟಿಜೆನ್’ ಎಂಬ ಹಳೆಯ ಹೆಸರನ್ನು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅದನ್ನು ಕಂಡುಹಿಡಿದ ಅಮೆರಿಕದ ವಿಜ್ಞಾನಿ ಬರೂಕ್ ಬ್ಲಂಬರ್ಗ್ ಕಾಮಾಲೆಯನ್ನು ಹುಡುಕಿಕೊಂಡು ಹೊರಟವರಲ್ಲ. ಮನುಷ್ಯರ ರಕ್ತದ ಪ್ರೋಟೀನುಗಳಲ್ಲಿರುವ ವ್ಯತ್ಯಾಸಗಳು ಅವರ ವಿಷಯವಾಗಿದ್ದವು. ಹಲವು ಸಲ ರಕ್ತ ಪಡೆದಿದ್ದ ಹಿಮೊಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ರೋಗಿಯೊಬ್ಬರ ರಕ್ತದಲ್ಲಿದ್ದ ಪ್ರತಿಕಾಯ (ಆಂಟಿಬಾಡಿ), ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿದ್ದ ಏನೋ ಒಂದಕ್ಕೆ ಅಂಟಿಕೊಂಡದ್ದನ್ನು ಅವರು ಕಂಡರು. 1965ರಲ್ಲಿ ಅದನ್ನು ಪ್ರಕಟಿಸಿದಾಗಲೂ ಆ ‘ಏನೋ ಒಂದು’ ಯಾವುದೆಂದು ಗೊತ್ತಿರಲಿಲ್ಲ. ಹೆಪಟೈಟಿಸ್ ಜತೆ ನಂಟು ತಿಳಿದದ್ದು ಆಮೇಲೆ. 1970ರಲ್ಲಿ ವೈರಸ್ ತಜ್ಞ ಡೇವಿಡ್ ಡೇನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪೂರ್ಣ ವೈರಸ್ಸನ್ನು ಕಂಡರು. ವೈರಸ್ಸನ್ನು ಯಾರೂ ನೋಡುವುದಕ್ಕೆ ವರ್ಷಗಳ ಮುಂಚೆಯೇ ಅದರ ಸಿಪ್ಪೆ ಕೈಗೆ ಸಿಕ್ಕಿತ್ತು. ಇಷ್ಟು ಚೆಂದದ ಕಥೆಯನ್ನು ಒಂದು ಕಾಮಾದಲ್ಲಿ ದಾಟಿಬಿಟ್ಟರೆ ಹೇಗೆ?

ಅದೇ ಪುಟದ ಕೊನೆಯ ಸಾಲು: “ರಿಯಾಕ್ಟಿವ್ ಬಂದವನು ಬದುಕಿಡೀ ರೋಗಿ.” ಇದೂ ಅದೇ ತಪ್ಪಿನ ಕೂಸು. ಮೊದಲ ಸುತ್ತಿನ ಪರೀಕ್ಷೆಯಲ್ಲಿ ರಿಯಾಕ್ಟಿವ್ ಬಂದದ್ದನ್ನು ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಖಚಿತವಾದರೂ ಆ ಒಂದು ಕಾಗದ ಸೋಂಕು ಹೊಸದೋ ಹಳೆಯದೋ ಹೇಳುವುದಿಲ್ಲ. ಅದಕ್ಕೆ ಹೊಸ ಸೋಂಕಿನಲ್ಲಿ ದೇಹ ಮೊದಲು ತಯಾರಿಸುವ ಐಜಿಎಂ ಪ್ರತಿಕಾಯದ ಪರೀಕ್ಷೆ ನೋಡಬೇಕು, ಜತೆಗೆ ಕಾಯಬೇಕು. ಆರು ತಿಂಗಳಾದರೂ ಎಚ್‌ಬಿಎಸ್‌ಎಜಿ ರಕ್ತದಲ್ಲಿ ಉಳಿದಿದ್ದರೆ ಮಾತ್ರ ದೀರ್ಘಕಾಲಿಕ ಸೋಂಕು ಎನ್ನುತ್ತಾರೆ. ವಯಸ್ಕರಾದ ಮೇಲೆ ಸೋಂಕು ತಗುಲಿದವರಲ್ಲಿ 100ಕ್ಕೆ 95ಕ್ಕಿಂತ ಹೆಚ್ಚು ಮಂದಿಯ ದೇಹ ತಾನೇ ವೈರಸ್ಸನ್ನು ಹಿಮ್ಮೆಟ್ಟಿಸುತ್ತದೆ. ಹುಟ್ಟುವಾಗ ತಾಯಿಯಿಂದ ಪಡೆದ ಮಕ್ಕಳಲ್ಲಿ ಇದು ತಲೆಕೆಳಗು, ಸುಮಾರು 100ಕ್ಕೆ 90 ಮಕ್ಕಳಲ್ಲಿ ಉಳಿದುಬಿಡುತ್ತದೆ. ನಿಮ್ಮಣ್ಣ ಈ ಎರಡರಲ್ಲಿ ಯಾವ ಗುಂಪಿನವರು? ಲೇಖನದ ಜೀವ ಇರುವುದೇ ಆ ಪ್ರಶ್ನೆಯಲ್ಲಿ. ನೀವು ಅದನ್ನು ಕೇಳಿಯೇ ಇಲ್ಲ.

ಎರಡನೆಯದು, ನನ್ನನ್ನು ಹೆಚ್ಚು ಕಾಡಿದ್ದು: “ಸೋಂಕಿತರ ಸಂಪರ್ಕದಿಂದ ಹರಡುತ್ತದೆ, ಎಚ್ಚರ!”

ಯಾವ ಸಂಪರ್ಕ? ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ನಾನು ಕೆಲಸ ಕಲಿತ ಪತ್ರಿಕೆಯ ಹಿರಿಯ ಸಂಪಾದಕರು. ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಾಮಾಲೆಯ ಬಗ್ಗೆ ಅರ್ಧ ಕಾಲಂ ಬರೆದು, ‘ಸೋಂಕಿತರ ನಿಕಟ ಸಂಪರ್ಕ ಬೇಡ’ ಎಂದು ಮುಗಿಸಿದ್ದೆ. ಎರಡು ವಾರಕ್ಕೆ ಓದುಗರೊಬ್ಬರ ಕಾಗದ ಬಂತು. ಹೆರಿಗೆಯಾಗಿ ತಿಂಗಳಾಗಿದ್ದ ಹೆಣ್ಣುಮಗಳು. ಮನೆಯವರು ಅವರ ತಟ್ಟೆ ಲೋಟ ಬೇರೆ ಇಟ್ಟಿದ್ದರು, ಮಗುವಿಗೆ ಹಾಲೂಡಿಸಲು ಬಿಡುತ್ತಿರಲಿಲ್ಲ. “ಪೇಪರಿನಲ್ಲೇ ಬಂದಿದೆಯಲ್ಲ ಅಂತಾರೆ” ಎಂದು ಬರೆದಿದ್ದರು. ಸಂಪಾದಕರು ಕಾಗದವನ್ನು ನನ್ನ ಮುಂದಿಟ್ಟು, ನನ್ನ ಸಾಲಿನ ಕೆಳಗೆ ಗೆರೆ ಎಳೆದು, ಎರಡೇ ಪದ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಗೊತ್ತಿಲ್ಲದ್ದನ್ನು ಮುಚ್ಚಲು ಆ ಪದ ಬಳಸಿದ್ದೆ, ಅಷ್ಟೇ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬಂತು, ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಆ ಹೆಣ್ಣುಮಗಳಿಗೂ ಬರೆದೆ. ಉತ್ತರ ಬರಲಿಲ್ಲ. ಆ ನಾಲ್ಕು ಸಾಲನ್ನು ಅವರ ಮನೆಯವರು ಓದಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಆದ್ದರಿಂದ ಬಿಡಿಸಿ ಬರೆಯಿರಿ. ಸೋಂಕಿತರ ರಕ್ತ, ವೀರ್ಯ, ಯೋನಿಸ್ರಾವದಿಂದ ಹರಡುತ್ತದೆ. ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದಾಗ, ಪರೀಕ್ಷಿಸದ ರಕ್ತ ಕೊಟ್ಟಾಗ, ರೇಜರ್, ಟೂತ್‌ಬ್ರಷ್ ಹಂಚಿಕೊಂಡಾಗ. ದೇಹದ ಹೊರಗೆ ಬಿದ್ದ ರಕ್ತದಲ್ಲಿ ವೈರಸ್ ಕನಿಷ್ಠ ಏಳು ದಿನ ಬದುಕಿರುತ್ತದೆ, ಅದನ್ನೂ ಹೇಳಿ. ತಟ್ಟೆ, ಲೋಟ, ಅಪ್ಪುಗೆ, ಕೆಮ್ಮು, ಎದೆಹಾಲು ಇವುಗಳಿಂದ ಹರಡುವುದಿಲ್ಲ. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ ಬೀಳಬೇಕು. ತಾಯಿಗೆ ಸೋಂಕಿದೆ ಎಂದು ಗೊತ್ತಿದ್ದರೆ ಜತೆಗೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ. ‘ಎಚ್ಚರ!’ ಎಂಬ ಪದವನ್ನು ತೆಗೆದುಬಿಡಿ. ಹೇಗೆ ಎಂದು ಹೇಳದ ಎಚ್ಚರಿಕೆ ಬರೀ ಹೆದರಿಕೆ.

ನಾಲ್ಕನೇ ಪುಟದಲ್ಲಿ ಒಂದು ಸಾಲು ನಿಮ್ಮ ಕಣ್ಣಿಗೇ ಬೀಳದೆ ಉಳಿದಿದೆ: “ಆ ಮೂರು ದಿನ ಅಣ್ಣ ತನ್ನ ಲೋಟವನ್ನು ತಾನೇ ತೊಳೆದು ಕಪಾಟಿನ ಮೇಲೆ ಬೇರೆ ಇಡುತ್ತಿದ್ದ.” ಲೇಖನ ಇಲ್ಲಿಂದ ಶುರುವಾಗಲಿ. ಆ ಲೋಟವನ್ನು ಬೇರೆ ಇಡಬೇಕಾಗಿರಲಿಲ್ಲ ಎಂಬುದನ್ನು ಓದುಗರಿಗೆ ಅಲ್ಲೇ ಹೇಳಿ.

ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ಏನು ಬಂತು ಎಂಬುದು ಲೇಖನದಲ್ಲಿಲ್ಲ. ಆಗಿದ್ದರೆ ಬರೆಯಿರಿ. ಇನ್ನೂ ಆಗಿಲ್ಲವಾದರೆ ಮೊದಲು ಅಣ್ಣನನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ, ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಳ್ಳಿ. ಲೇಖನಕ್ಕೆ ಅವಸರವಿಲ್ಲ, ನಾನು ಕಾಯುತ್ತೇನೆ.

ವಿಶ್ವಾಸದಿಂದ,
ಸಂಪಾದಕ