ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ರೆ ಫೈನ್ ಕಟ್ಟಿದ್ರೆ ಮುಗೀತಲ್ವಾ?

ಬರೀ ಪೊಲೀಸ್ ಕೈಗೆ ಸಿಕ್ಕಿಬಿದ್ರೆ ಪುಣ್ಯ ಅಂದ್ಕೊಳಿ. ಮೋಟಾರು ವಾಹನ ಕಾಯ್ದೆ 185ನೇ ಸೆಕ್ಷನ್ ಪ್ರಕಾರ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ರೆ ಕೇಸು, ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲಾ 6 ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಇಡೀ ಲೆಕ್ಕದಲ್ಲಿ ಇದೇ ಅಗ್ಗದ ಭಾಗ.

ಯಾರಿಗಾದ್ರೂ ಗುದ್ದಿದ್ರೆ ನೋಡಿ ಆಗ. ಸಾಯೋದು ಕುಡಿದೋನು ಒಬ್ನೇ ಅಲ್ಲ, ನೈಟ್ ಶಿಫ್ಟ್ ಮುಗಿಸಿ ಬೈಕಲ್ಲಿ ಮನೆಗೆ ಹೊರಟೋನು, ಬೆಳಗಿನ ಜಾವ ಹೂವು ತರೋಕೆ ಮಾರ್ಕೆಟ್ಟಿಗೆ ಹೊರಟೋಳು, ರಸ್ತೆ ಗುಡಿಸೋ ಪೌರಕಾರ್ಮಿಕರು, ಇವ್ರೆಲ್ಲಾ ಆ ಹೊತ್ತಲ್ಲೇ ರಸ್ತೇಲಿರ್ತಾರೆ. ಸತ್ತೋರ ಸಂಖ್ಯೆ ಪೇಪರಲ್ಲಿ ಬರತ್ತೆ, ಸೊಂಟದ ಕೆಳಗೆ ಸ್ವಾಧೀನ ಹೋಗಿ ಬದುಕುಳಿದೋರ ಕಥೆ ಬರಲ್ಲ, ಅವ್ರನ್ನ ನೋಡ್ಕೊಳ್ಳೋಕೆ ಅಂತ ಹೆಂಡ್ತಿನೋ ಅಮ್ಮನೋ ಕೆಲಸ ಬಿಡ್ತಾರೆ, ಅಂದ್ರೆ ಒಂದು ಆಕ್ಸಿಡೆಂಟಿಗೆ ಎರಡು ಸಂಬಳ ನಿಂತೋಗತ್ತೆ, ಮಗಳ ಕಾಲೇಜು ಫೀಸಿಗೆ ಬಡ್ಡಿ ಸಾಲ ಶುರು.

ಇನ್ಶೂರೆನ್ಸ್ ಇದ್ಯಲ್ಲ ಅಂತೀರಾ? ಕುಡಿದಿದ್ದು ಸಾಬೀತಾದ್ರೆ ನಿಮ್ಮ ಗಾಡಿ ಡ್ಯಾಮೇಜಿಗೆ ಕ್ಲೇಮ್ ಸಿಗಲ್ಲ, 2021ರಲ್ಲಿ ಸುಪ್ರೀಂ ಕೋರ್ಟೂ ಇಂಥದ್ದೇ ಕೇಸಲ್ಲಿ ಕಂಪನಿ ಪರ ತೀರ್ಪು ಕೊಡ್ತು. ಗುದ್ದಿಸ್ಕೊಂಡೋರಿಗೆ ಕಂಪನಿ ಪರಿಹಾರ ಕೊಟ್ಟು ಆಮೇಲೆ ಓನರ್ ಹತ್ರ ವಸೂಲಿ ಮಾಡ್ಕೊಳ್ಳಲಿ ಅಂತಾನೂ ಕೋರ್ಟು ಹೇಳಬಹುದು. ಹಂಗಾಗಿ ಕುಡಿದಿರೋ ಫ್ರೆಂಡಿಗೆ ಕೀ ಕೊಟ್ಟೋನಿಗೂ ತಲೆನೋವೇ.

ಆಮೇಲೆ ಕಾಫಿ, ಮಜ್ಜಿಗೆ, ನಿಂಬೆಹಣ್ಣು ಯಾವ್ದ್ರಿಂದಲೂ ರಕ್ತದಲ್ಲಿರೋ ಆಲ್ಕೋಹಾಲ್ ಬೇಗ ಇಳಿಯಲ್ಲ, ಲಿವರ್ ತನ್ನ ಸ್ಪೀಡಲ್ಲೇ ಕೆಲಸ ಮಾಡೋದು. ಆಟೋ ಹಿಡೀರಿ, ಡಬಲ್ ಮೀಟರ್ ಕೇಳಿದ್ರೂ ಪರ್ವಾಗಿಲ್ಲ.