ಬಾಬಾಗಾಡಿ ತಗೊಳ್ಳೋ ಮುಂಚೆ ನಿಮ್ಮ ಗಲ್ಲಿಯ ಫರ್ಸಿ ನೋಡಿ

ಪ್ರಶ್ನೆ: ಅಕ್ಕಾವ್ರೇ, ನಮಸ್ಕಾರ. ನಾವು ಬೆಳಗಾವಿಯ ಶಹಾಪುರದವರು. ಗಲ್ಲಿಯೊಳಗಿನ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಮಗಳಿಗೆ ಈಗ ಐದು ತಿಂಗಳು. ನಮ್ಮವರು ಆನ್‌ಲೈನ್‌ನಲ್ಲಿ ಮಡಚುವ ಬಾಬಾಗಾಡಿ (ಕೂಸನ್ನು ಕೂರಿಸಿ ತಳ್ಳುವ ಗಾಡಿ) ಒಂದನ್ನು ನೋಡಿ ಇಟ್ಟಿದ್ದಾರೆ. ಒಂದೇ ಕೈಯಲ್ಲಿ ಮಡಚಬಹುದು, ವಿಮಾನದೊಳಗೂ ಒಯ್ಯಬಹುದು ಅಂತ ಜಾಹೀರಾತು. ಬೆಲೆ ಒಂಬತ್ತು ಸಾವಿರ. ಅತ್ತೆಯವರು "ನಾವೇನು ಗಾಡಿಯೊಳಗ ಹಾಕಿ ಬೆಳಸೇವೇನು ನಿಮ್ಮನ್ನ?" ಅಂತಾರೆ. ನಮ್ಮ ಹತ್ತಿರ ಸ್ಕೂಟರ್ ಇದೆ, ಸಿಎನ್‌ಜಿ ಹಾಕಿಸಿದ ಸಣ್ಣ ಕಾರೂ ಇದೆ. ಹಗಲು ಮನೆಯಲ್ಲಿ ನಾನು, ಕೂಸು, ಅತ್ತೆ ಮಾತ್ರ. ದಿನಾ ಬಳಸೋಕೆ ಆಗುತ್ತಾ, ಇಲ್ಲ ದುಡ್ಡು ದಂಡವಾ?

ಉತ್ತರ: ತಂಗಿ, ಗಾಡಿ ಆರಿಸಿದ್ದು ನಿಮ್ಮವರು. ದಿನಾ ಮಡಚೋರು ಯಾರು? ನೀವು. ಅಂದ ಮೇಲೆ ಅದು ನಿಮ್ಮ ಕೈಯಲ್ಲಿ ಪಾಸಾಗಬೇಕು.

ಜಾಹೀರಾತು ಮತ್ತೊಮ್ಮೆ ನೋಡಿ. ಒಂದು ಕೈಯಲ್ಲಿ ಗಾಡಿ ಮಡಚುವ ಆ ಹೆಂಗಸಿನ ಇನ್ನೊಂದು ಕೈ ಖಾಲಿ ಇರುತ್ತದೆ. ನಿಮ್ಮದು ಖಾಲಿ ಇರಲ್ಲ. ಅಲ್ಲಿ ಆರೇಳು ಕೆಜಿ ಕೂಸು ಇರುತ್ತದೆ, ಕಾಲು ಝಾಡಿಸುತ್ತಾ ಇರುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳೋದು: ಮೊದಲು ಅಂಗಡಿಗೆ ಹೋಗಿ. ಆಮೇಲೆ ಬೇಕಾದರೆ ಆನ್‌ಲೈನ್‌ನಲ್ಲೇ ತರಿಸಿ. ಹೋಗುವಾಗ ಚೀಲದಲ್ಲಿ ಐದು ಕೆಜಿ ಜೋಳದ ಹಿಟ್ಟು ಒಯ್ಯಿರಿ. ನಗಬೇಡಿ. ಅದನ್ನು ಎಡಗೈಯಲ್ಲಿ ಟೊಂಕದ ಮೇಲೆ ಇಟ್ಟುಕೊಂಡು ಬಲಗೈ ಒಂದರಲ್ಲೇ ಗಾಡಿ ಮಡಚಿ, ಎತ್ತಿ, ನಾಲ್ಕು ಹೆಜ್ಜೆ ನಡೆದು, ಮತ್ತೆ ಬಿಚ್ಚಿ. ಅಂಗಡಿಯ ಹುಡುಗ "ಕೊಡ್ರಿ ಅಕ್ಕಾ, ನಾ ಮಾಡಿ ತೋರಸ್ತೀನಿ" ಅಂತ ಬಂದೇ ಬರುತ್ತಾನೆ. ಕೊಡಬೇಡಿ. ಬಟನ್ ಎಲ್ಲಿದೆ ಅಂತ ಕೇಳಿ, ಉಳಿದದ್ದು ನೀವೇ ಮಾಡಿ. ಹ್ಯಾಂಡಲ್ ಮೇಲಿನ ಬಟನ್ ಒತ್ತಿ ಮಡಚುವ ಗಾಡಿಯಲ್ಲಿ ಬಗ್ಗುವ ಕೆಲಸ ಕಡಿಮೆ. ಕೆಳಗೆ ಕಾಲಿನಿಂದ ಒತ್ತಿ, ಪಕ್ಕದ ಕೊಂಡಿ ಎಳೆದು ಮಡಚುವಂಥದ್ದು ಕೂಸನ್ನು ಎತ್ತಿಕೊಂಡವರಿಗೆ ಆಗಿಬರಲ್ಲ. ಮಡಚಿದ ಮೇಲೆ ತಾನಾಗಿ ಲಾಕ್ ಆಗುತ್ತದಾ, ನೆಟ್ಟಗೆ ನಿಲ್ಲುತ್ತದಾ ಅನ್ನೋದನ್ನೂ ನೋಡಿ. ಲಾಕ್ ಇಲ್ಲದ ಗಾಡಿ ಮೆಟ್ಟಿಲ ಮೇಲೆ ಬಾಯಿ ಬಿಡುತ್ತದೆ.

ಇನ್ನು ನಿಮ್ಮ ಎರಡು ಮಹಡಿ. ಛತ್ರಿಯ ಹಾಗೆ ಉದ್ದಕ್ಕೆ ಮಡಚುವ ಸಾದಾ ಗಾಡಿ ನಾಲ್ಕರಿಂದ ಆರು ಕೆಜಿ ಇರುತ್ತದೆ. ನಿಮ್ಮವರು ನೋಡಿದಂಥ ಮೂರು ಮಡಿಕೆಯ ಗಾಡಿ ಆರೇಳು ಕೆಜಿ. ದೊಡ್ಡ ಗಾಲಿ, ಮೆತ್ತನೆ ಸೀಟು, ಹ್ಯಾಂಡಲ್ ತಿರುಗಿಸಿ ಕೂಸಿನ ಮುಖ ನಿಮ್ಮ ಕಡೆ ಮಾಡುವ ಸೌಕರ್ಯ, ಇವೆಲ್ಲ ಬೇಕು ಅಂದರೆ ಎಂಟರಿಂದ ಹನ್ನೆರಡು ಕೆಜಿ ಆಗುತ್ತದೆ. ಏಳು ಕೆಜಿ ಕೂಸು, ಏಳು ಕೆಜಿ ಗಾಡಿ, ಬಾಟಲಿ ಬಟ್ಟೆಯ ಚೀಲ ಎರಡು ಕೆಜಿ. ಹದಿನಾರು ಕೆಜಿ ಹೊತ್ತು ಎರಡು ಮಹಡಿ ಹತ್ತಬೇಕು. ಹೆರಿಗೆಯಾಗಿ ಐದು ತಿಂಗಳಾದ ಸೊಂಟಕ್ಕೆ ಅದು ಬೇಡ. ನಾನು ಮಕ್ಕಳ ವಾರ್ಡಿನಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದವಳು, ಬಾಣಂತಿಯರ ಸೊಂಟನೋವಿನ ಕಥೆ ಸಾಕಷ್ಟು ಕೇಳಿದ್ದೇನೆ. ಅದಕ್ಕಿಂತ ಮುಖ್ಯ, ಗಾಡಿಯಲ್ಲಿ ಕೂಸನ್ನು ಕೂರಿಸಿ ಗಾಡಿ ಸಮೇತ ಮೆಟ್ಟಿಲು ಇಳಿಸೋದು ಬೇಡವೇ ಬೇಡ. ಇಬ್ಬರು ಹಿಡಿದರೂ ಬೇಡ.

ಹಾಗಾದರೆ ಏನು ಮಾಡೋದು? ಗಾಡಿ ಮೇಲೆ ಬರೋದೇ ಬೇಡ. ಕೆಳಗೆ ಮೆಟ್ಟಿಲ ಅಡಿಯಲ್ಲಿ ಸೈಕಲ್ ನಿಲ್ಲಿಸುವ ಜಾಗ ಇದ್ದೇ ಇರುತ್ತದೆ, ಅಲ್ವಾ? ಮನೆ ಮಾಲೀಕರನ್ನು ಒಂದು ಮಾತು ಕೇಳಿ, ಅಲ್ಲೇ ಗೋಡೆಗೆ ಒರಗಿಸಿ, ಸೈಕಲ್ ಚೈನು ಹಾಕಿ ಬೀಗ ಹಾಕಿ. ಮೇಲೆ ಒಂದು ಹಳೇ ದುಪಟಿ ಹೊದಿಸಿ, ಧೂಳು ಕೂರಲ್ಲ. ಕೂಸು ಮಾತ್ರ ನಿಮ್ಮ ತೋಳಲ್ಲಿ ಮೇಲೆ ಬರಲಿ. ಈ ಜಾಗ ಸಿಗೋದಿಲ್ಲ ಅಂತ ಖಾತ್ರಿಯಾದರೆ ನನ್ನ ಉತ್ತರ ಇಲ್ಲಿಗೇ ಮುಗೀತು. ಗಾಡಿ ತಗೋಬೇಡಿ. ಮೊದಲ ವಾರ ಉತ್ಸಾಹದಲ್ಲಿ ಹೊರುತ್ತೀರಿ, ಆಮೇಲೆ ಅದು ಬಾಲ್ಕನಿಯಲ್ಲಿ ಒಣ ಬಟ್ಟೆ ಹೊರುತ್ತದೆ.

ಜಾಗ ಸಿಕ್ಕಿತು ಅಂದುಕೊಳ್ಳಿ. ಈಗ ಗಾಲಿ ನೋಡೋಣ. ಬಣ್ಣ ನೋಡುತ್ತಾರೆ, ಕಪ್ ಇಡುವ ಜಾಗ ನೋಡುತ್ತಾರೆ, ಗಾಲಿ ಯಾರೂ ನೋಡಲ್ಲ. ಅಂಗಡಿಯ ಟೈಲ್ಸ್ ಮೇಲೆ ಎಂಥಾ ಗಾಡಿಯೂ ಬೆಣ್ಣೆಯಂತೆ ಓಡುತ್ತದೆ. ನಿಮ್ಮ ಗಲ್ಲಿಯಲ್ಲಿ ಗಟಾರದ ಮೇಲೆ ಫರ್ಸಿ, ಅಂದರೆ ಕಲ್ಲಿನ ಚಪ್ಪಡಿ ಹಾಸಿರುತ್ತಾರೆ, ಎರಡು ಫರ್ಸಿ ನಡುವೆ ಸಂದಿ ಇರುತ್ತದೆ. ಅಂಗೈ ಅಗಲದ ಜೋಡಿ ಪ್ಲಾಸ್ಟಿಕ್ ಗಾಲಿ ಆ ಸಂದಿಗೆ ಸರಿಯಾಗಿ ಹೋಗಿ ಕೂರುತ್ತದೆ. ಗಾಡಿ ಗಕ್ಕನೆ ನಿಲ್ಲುತ್ತದೆ, ಕೂಸು ಮುಂದಕ್ಕೆ ಬಾಗುತ್ತದೆ. ಅದಕ್ಕೇ ಮುಂದಿನ ಗಾಲಿ ತಿರುಗುವಂಥದ್ದೂ ಇರಬೇಕು, ಬೇಕಾದಾಗ ನೇರಕ್ಕೆ ಲಾಕ್ ಮಾಡುವಂಥದ್ದೂ ಇರಬೇಕು. ಹಾಳು ರಸ್ತೆಯಲ್ಲಿ ಲಾಕ್ ಮಾಡಿ ತಳ್ಳಿ. ಗಾಲಿ ಆದಷ್ಟು ದೊಡ್ಡದಿರಲಿ, ಫೋಮ್ ಅಥವಾ ರಬ್ಬರಿನದಿರಲಿ, ಮೇಲೆ ಸ್ಪ್ರಿಂಗ್ ಇರಲಿ. ಗಾಳಿ ತುಂಬುವ ಟೈರು ಮೆತ್ತಗಿರುತ್ತದೆ, ಆದರೆ ಪಂಕ್ಚರ್ ಗೋಳು ತಪ್ಪಲ್ಲ. ನಿಮಗೆ ಅದು ಬೇಡ. ಸಂದಿಯೋ ಎತ್ತರದ ಅಂಚೋ ಬಂದಾಗ ಗಾಡಿಯನ್ನು ಹಿಂದಕ್ಕೆ ಬಾಗಿಸಿ ಮುಂದಿನ ಗಾಲಿ ಎತ್ತಿ ದಾಟಿಸಿ. ಒಂದೇ ಕೈಯಲ್ಲಿ ತಳ್ಳಿದಾಗ ಒಂದು ಪಕ್ಕಕ್ಕೆ ಎಳೆಯುವ ಗಾಡಿಯನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಅತ್ತೆಯವರ ಮಾತಿಗೆ ಬರೋಣ. ಗಲ್ಲಿ ಮತ್ತು ಬಜಾರಿನ ಮಟ್ಟಿಗೆ ಅವರು ಹೇಳೋದು ಸರಿಯೇ. ಖಡೇಬಜಾರ್, ಗಣಪತ್ ಗಲ್ಲಿಯಲ್ಲಿ ಸಂಜೆ ಹೊತ್ತು ಮನುಷ್ಯರಿಗೇ ಜಾಗ ಇಲ್ಲ. ಅಲ್ಲಿ ಗಾಡಿಯಲ್ಲಿ ಕೂತ ಕೂಸಿನ ಮೂಗು ರಿಕ್ಷಾ, ಬೈಕಿನ ಸೈಲೆನ್ಸರ್ ಎತ್ತರಕ್ಕೆ ಬರುತ್ತದೆ. ಹೊಗೆ ಎಲ್ಲ ಅದಕ್ಕೇ. ಅಂಥಾ ಕಡೆ ಟೊಂಕವೇ ವಾಸಿ, ಇಲ್ಲ ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್. ಬಾಬಾಗಾಡಿಗೆ ಜಾಗ ಬೇರೆ ಇದೆ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಕಡೆ ಬೆಳಿಗ್ಗೆ ನಡೆಯೋಕೆ ಹೋಗಿ, ಕ್ಯಾಂಪಿನ ಮರಗಳ ನೆರಳಿನ ರಸ್ತೆಗಳಿವೆ, ಕೋಟೆ ಕೆರೆ ದಂಡೆ ಇದೆ. ಅಲ್ಲಿ ಅರ್ಧ ಗಂಟೆ ಕೂಸಿಗೂ ಖುಷಿ, ನಿಮ್ಮ ತೋಳಿಗೂ ವಿರಾಮ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ತಳ್ಳೋಕೆ ಅವರ ಕೈಗೇ ಕೊಡಿ. ಮೊಣಕಾಲು ನೋವಿರುವ ಅಜ್ಜಿಯರಿಗೆ ಎತ್ತಿಕೊಂಡು ತಿರುಗೋದಕ್ಕಿಂತ ತಳ್ಳೋದು ಸುಲಭ, ಇದು ನನ್ನ ಮೊಣಕಾಲಿನ ಮಾತು. ಹ್ಯಾಂಡಲ್ ಎತ್ತರ ಮಾತ್ರ ಅವರಿಗೂ ನಿಮಗೂ ಹೊಂದಬೇಕು.

ಅಲ್ಲಿಗೆ ಹೋಗೋಕೆ ಕಾರು ಬೇಕು, ಕಾರಿನ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿದೆ. ಇಲ್ಲಿ ನಿಮ್ಮವರ ಆಯ್ಕೆ ಗೆಲ್ಲುತ್ತದೆ ನೋಡಿ. ಛತ್ರಿ ಮಡಿಕೆಯ ಗಾಡಿ ತೆಳ್ಳಗಾಗುತ್ತದೆ, ಆದರೆ ಉದ್ದ ಸುಮಾರು ಒಂದು ಮೀಟರ್ ಉಳಿಯುತ್ತದೆ. ಸಿಲಿಂಡರ್ ಪಕ್ಕ ಅದು ಸೇರೋದು ಕಷ್ಟ. ಮೂರು ಮಡಿಕೆಯದು ಸೂಟ್‌ಕೇಸಿನಷ್ಟಾಗಿ ಹಿಂದಿನ ಸೀಟಿನ ಕಾಲಡಿಗೆ ನಿಲ್ಲುತ್ತದೆ. ಟೇಪು ಹಿಡಿದು ಆ ಜಾಗ ಅಳೆದುಕೊಂಡೇ ಅಂಗಡಿಗೆ ಹೋಗಿ. ವಿಮಾನದ ಮಾತಿಗೆ ಜಾಸ್ತಿ ತಲೆ ಕೊಡಬೇಡಿ. ಸಾಂಬ್ರಾ ವಿಮಾನ ನಿಲ್ದಾಣಕ್ಕೆ ನೀವು ವರ್ಷಕ್ಕೆ ಎಷ್ಟು ಸಲ ಹೋಗುತ್ತೀರಿ? ಸ್ಕೂಟರ್ ಮೇಲೆ ಕೂಸು ಮತ್ತು ಗಾಡಿ ಎರಡನ್ನೂ ಒಯ್ಯುವ ಯೋಚನೆ ಸುಮ್ನೆ ಕೂಡ ಬೇಡ. ಕಾರಿನೊಳಗೂ ಬಾಬಾಗಾಡಿ ಸೀಟಲ್ಲ. ಕಾರಿಗೆ ಮಕ್ಕಳ ಸೀಟು ಬೇರೆಯೇ ಬರುತ್ತದೆ.

ನಿಮ್ಮ ಮಗಳ ವಯಸ್ಸಿಗೆ ಬರೋಣ. ಐದು ತಿಂಗಳಿಗೆ ಕತ್ತು ನಿಂತಿರುತ್ತದೆ, ಆದರೆ ತಾನಾಗಿ ಕೂರೋಕೆ ಬಂದಿರಲ್ಲ. ನೆಟ್ಟಗಿನ ಸೀಟಿನಲ್ಲಿ ಕೂರಿಸಿದರೆ ಬೆನ್ನು ಕುಸಿದು, ಗದ್ದ ಎದೆಗೆ ತಾಗುತ್ತದೆ. ನಿದ್ದೆ ಬಂದರೆ ಇನ್ನೂ ಕೆಟ್ಟದ್ದು, ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಆದ್ದರಿಂದ ಸೀಟು ಹಿಂದಕ್ಕೆ ಹೆಚ್ಚುಕಡಿಮೆ ಮಲಗುವಷ್ಟು ಬಾಗಬೇಕು. ಅಗ್ಗದ ಛತ್ರಿ ಗಾಡಿಗಳಲ್ಲಿ ಇದೇ ಇರಲ್ಲ. ಕೂರೋಕೆ ಕಲಿಯಲಿ ಅಂತ ಒಂದೆರಡು ತಿಂಗಳು ಕಾದರೂ ನಷ್ಟವಿಲ್ಲ. ಗಾಡಿಯಲ್ಲೇ ನಿದ್ದೆ ಹತ್ತಿದರೆ ಮನೆಗೆ ಬಂದ ಮೇಲೆ ಎತ್ತಿ ತೊಟ್ಟಿಲಿಗೆ ಹಾಕಿ. ರಾತ್ರಿ ಮಲಗಿಸೋಕೆ ಗಾಡಿ ಅಲ್ಲ.

ಬೆಲ್ಟ್ ಐದು ಕಡೆಯದಿರಬೇಕು. ಭುಜಕ್ಕೆ ಎರಡು, ಸೊಂಟಕ್ಕೆ ಎರಡು, ಕಾಲಿನ ನಡುವೆ ಒಂದು. ಪ್ರತಿ ಸಲ ಹಾಕಿ. ಬರೀ ಸೊಂಟದ ಬೆಲ್ಟ್ ಇದ್ದರೆ ಎಂಟು ತಿಂಗಳ ಕೂಸು ಎದ್ದು ನಿಲ್ಲುತ್ತದೆ. ಬ್ರೇಕ್ ಒಂದೇ ತುಳಿತಕ್ಕೆ ಎರಡೂ ಹಿಂದಿನ ಗಾಲಿ ಹಿಡಿಯುವಂಥದ್ದು ಒಳ್ಳೆಯದು. ಚಪ್ಪಲಿ ಹಾಕಿದ ಕಾಲಿನಿಂದ ತುಳಿದು, ಎತ್ತಿ ನೋಡಿ. ಕೆಲವಕ್ಕೆ ಶೂ ಇಲ್ಲದಿದ್ದರೆ ಹೆಬ್ಬೆರಳು ಕಿತ್ತು ಬರುತ್ತದೆ. ಕಾಯಿಪಲ್ಲೆ ಚೀಲ ಹ್ಯಾಂಡಲ್‌ಗೆ ನೇತು ಹಾಕಬೇಡಿ, ಕೂಸನ್ನು ಎತ್ತಿದ ಕೂಡಲೇ ಗಾಡಿ ಹಿಂದಕ್ಕೆ ಮಗುಚುತ್ತದೆ. ಕೆಳಗಿನ ಬುಟ್ಟಿ ಇರೋದೇ ಅದಕ್ಕೆ.

ಮಡಚುವ ಕೀಲಿನ ಬಗ್ಗೆ ಒಂದು ಹಳೇ ಕಥೆ ಹೇಳಬೇಕು. ಈ ಹಗುರ ಮಡಚುವ ಗಾಡಿ ಮಾಡಿದವನು ಇಂಗ್ಲೆಂಡಿನ ವಿಮಾನ ಇಂಜಿನಿಯರ್ ಓವೆನ್ ಮ್ಯಾಕ್ಲಾರೆನ್. ಸ್ಪಿಟ್‌ಫೈರ್ ಯುದ್ಧ ವಿಮಾನದ ಗಾಲಿ ಮಡಚುವ ಕೆಲಸ ಮಾಡಿದ್ದವನು. ಮೊಮ್ಮಗಳನ್ನು ಭಾರದ ಗಾಡಿಯಲ್ಲಿ ತಿರುಗಿಸೋ ಒದ್ದಾಟ ನೋಡಿ, 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಮೂರು ಕೆಜಿಗಿಂತ ಕಡಿಮೆ ತೂಕದ ಗಾಡಿ ವಿನ್ಯಾಸ ಮಾಡಿದ. ಅಜ್ಜನ ಕೆಲಸ ಅಂದರೆ ಇದು. ಆದರೆ ಅದೇ ಹೆಸರಿನ ಕಂಪನಿ 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಗಾಡಿಗಳ ವಿಷಯದಲ್ಲಿ ಎಚ್ಚರಿಕೆ ಕೊಟ್ಟು, ಕೀಲು ಮುಚ್ಚುವ ಕವರ್ ಹಂಚಬೇಕಾಯಿತು. ಗಾಡಿ ಬಿಚ್ಚುವಾಗ ಮಕ್ಕಳ ಬೆರಳು ಕೀಲಿನಲ್ಲಿ ಸಿಕ್ಕಿ, ಬೆರಳ ತುದಿ ಕತ್ತರಿಸಿದ ಪ್ರಕರಣಗಳಿದ್ದವು. ಆದ್ದರಿಂದ ಕೀಲುಗಳಿಗೆ ಮುಚ್ಚಳ ಇದೆಯಾ ನೋಡಿ. ಬಿಚ್ಚುವಾಗ, ಮಡಚುವಾಗ ಮಗಳು ದೂರ ಇರಲಿ, ಅವಳ ಕೈ ನಿಮಗೆ ಕಾಣುತ್ತಿರಲಿ. ನಡೆದಾಡುವ ವಯಸ್ಸು ಬಂದ ಮೇಲೆ ಇದು ಇನ್ನೂ ಮುಖ್ಯ. ಬಿಚ್ಚಿದ ಮೇಲೆ ಒಮ್ಮೆ ಕೆಳಗೆ ಒತ್ತಿ, ಲಾಕ್ ಕಚ್ಚಿದೆ ಅಂತ ಗೊತ್ತಾದ ಮೇಲೇ ಕೂರಿಸಿ.

ಒಂಬತ್ತು ಸಾವಿರ ಜಾಸ್ತಿನಾ? 15 ಕೆಜಿ ತನಕ ತಡೆಯುವ ಗಾಡಿ ಅಂದರೆ ಮೂರು ವರ್ಷದ ತನಕ ಬರುತ್ತದೆ. ಮೆಟ್ಟಿಲ ಅಡಿ ಜಾಗ, ಹಿಟ್ಟಿನ ಚೀಲದ ಪರೀಕ್ಷೆ, ಮಲಗುವ ಸೀಟು, ಈ ಮೂರೂ ಕೂಡಿ ಬಂದರೆ ತಗೊಳ್ಳಿ. ಜೂನ್ ಬರುವ ಹೊತ್ತಾಗಿದ್ದರೆ ಮಾತ್ರ ತಡೆಯಿರಿ. ಬೆಳಗಾವಿ ಮಳೆಯಲ್ಲಿ ನಾಲ್ಕು ತಿಂಗಳು ಅದು ಹೊರಗೇ ಬರಲ್ಲ, ವಾರಂಟಿ ಸುಮ್ನೆ ಕೂತಲ್ಲೇ ಮುಗಿಯುತ್ತದೆ.

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿದ್ದೇವೆ. ಬೆಂಗಳೂರಿನ ಅಳಿಯ ತನ್ನ ಮಗ ಬಳಸಿದ ಗಾಡಿಯನ್ನು ನಮ್ಮ ಎರಡನೇ ಮಗಳ ಕೂಸಿಗೆ ಕಳಿಸುತ್ತೇನೆ ಅಂತಿದ್ದಾರೆ. ಹಳೇದು ತಗೋಬಹುದಾ?

ಉತ್ತರ: ತಗೊಳ್ಳಿ ಯಜಮಾನರೇ, ನವನಗರದ ಅಗಲ ಸೆಕ್ಟರ್ ರಸ್ತೆಗಳಿಗೆ ಬಾಬಾಗಾಡಿ ಹೇಳಿ ಮಾಡಿಸಿದ್ದು. ಬಂದ ಕೂಡಲೇ ಕೂಸನ್ನು ಹಾಕಬೇಡಿ. ಸೀಟಿನಲ್ಲಿ ಹತ್ತು ಕೆಜಿ ಅಕ್ಕಿ ಚೀಲ ಇಟ್ಟು, ಬೆಲ್ಟ್ ಹಾಕಿ, ಇಳಿಜಾರಿನಲ್ಲಿ ಬ್ರೇಕ್ ತುಳಿದು ನಿಲ್ಲಿಸಿ. ಜಾರಿದರೆ ಬೇಡ. ಮಡಚುವ ಲಾಕ್ ಸವೆದಿದ್ದರೂ ಬೇಡ, ದಾರ ತಂತಿ ಕಟ್ಟಿ ನಡೆಸೋ ವಸ್ತು ಅಲ್ಲ ಇದು. ಸೀಟಿನ ಬಟ್ಟೆ ಮಾಸಿದ್ದರೆ ಒಗೆದರಾಯಿತು. ಗಾಲಿ ಕಿರುಗುಟ್ಟಿದರೆ ಸೈಕಲ್ ಅಂಗಡಿಯವರು ಗಾಲಿಗೆ ಸುತ್ತಿಕೊಂಡ ಕೂದಲು ತೆಗೆದು ಎಣ್ಣೆ ಬಿಡುತ್ತಾರೆ. ಬೆಲ್ಟಿನ ಹೊಲಿಗೆ ಬಿಟ್ಟಿದ್ದರೆ ಕಂಪನಿಯ ಬೆಲ್ಟೇ ತರಿಸಿ ಅಂತ ಅಳಿಯನಿಗೆ ಹೇಳಿ, ಅಷ್ಟು ಸಲುಗೆ ಇದ್ದೇ ಇರುತ್ತದಲ್ಲ.

ಪ್ರಶ್ನೆ: ವಿಜಯಪುರದ ಬಿಸಿಲು ನಿಮಗೆ ಗೊತ್ತು. ಗಾಡಿಯ ಮೇಲೆ ತೆಳು ದುಪಟ್ಟಾ ಹೊದಿಸಿ ಕೂಸನ್ನು ಕರೆದೊಯ್ದರೆ ನಡೆಯುತ್ತಾ? ರಜೆಗೆ ಗೋಳಗುಮ್ಮಟ ತೋರಿಸಬೇಕು ಅಂತಿದ್ದೇವೆ.

ಉತ್ತರ: ದುಪಟ್ಟಾ ಬೇಡ. ತೆಳು ಬಟ್ಟೆಯಾದರೂ ಒಳಗೆ ಗಾಳಿ ಆಡದೆ ಬಿಸಿ ಏರುತ್ತದೆ, ಕೂಸಿನ ಮುಖ ನಿಮಗೆ ಕಾಣೋದೂ ಇಲ್ಲ. ಗಾಡಿಯ ಕೊಡೆ ಪೂರ್ತಿ ಎಳೆಯಿರಿ, ಮುಂದೆ ತೆರೆದೇ ಇರಲಿ. ಬಿಸಿಲಲ್ಲಿ ನಿಲ್ಲಿಸಿದ್ದ ಗಾಡಿಯ ಬಕಲ್ ಮುಟ್ಟಿ ನೋಡಿಯೇ ಕೂರಿಸಿ. ಬೇಸಿಗೆಯಲ್ಲಿ ಬೆಳಿಗ್ಗೆಯೇ ಹೋಗಿ. ಗುಮ್ಮಟದ ಮುಂದಿನ ತೋಟದಲ್ಲಿ ಗಾಡಿ ನಡೆಯುತ್ತದೆ. ಮೇಲಿನ ಪಿಸುಗುಟ್ಟುವ ಗ್ಯಾಲರಿಗೆ ಹತ್ತೋದು ಮೂಲೆಯ ಗೋಪುರದೊಳಗಿನ ಕಿರಿದಾದ ಮೆಟ್ಟಿಲಲ್ಲಿ, ಅಲ್ಲಿ ಗಾಡಿ ಹೋಗಲ್ಲ. ಮೇಲಿನ ಗದ್ದಲಕ್ಕೆ ಸಣ್ಣ ಕೂಸು ಹೆದರುತ್ತದೆ ಕೂಡ. ಅರ್ಧ ಜನ ಹತ್ತಿ ಬನ್ನಿ, ಅರ್ಧ ಜನ ಕೆಳಗೆ ನೆರಳಲ್ಲಿ ಕೂಸಿನ ಜೊತೆ ಕೂತಿರಿ. ಆಮೇಲೆ ಅದಲು ಬದಲಾಗಿ.