ಕಾಲುಬಾಯಿ ಲಸಿಕೆ ವರ್ಷಕ್ಕೆ ಎರಡು ಸಲ ಯಾಕೆ? ಈ ಸುತ್ತು ಬಿಟ್ಟರೆ ನಡೆಯುತ್ತದೆಯೇ?

ನೀವು ಕೇಳಿದ್ದು ಇಷ್ಟು: ಮನೆಯಲ್ಲಿ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸುಗಳಿವೆ, ಕಾಲುಬಾಯಿ ಲಸಿಕೆ ಹಾಕಿಸಿದ ಮಾರನೇ ದಿನವೇ ಡೇರಿಗೆ ಹಾಕುವ ಹಾಲು ಇಳಿಯುತ್ತದೆ. ತಾತನ ಕಾಲದಲ್ಲಿ ದನಗಳ ದೊಡ್ಡರೋಗಕ್ಕೆ (ರಿಂಡರ್‌ಪೆಸ್ಟ್) ಒಂದು ಸಲ ಸೂಜಿ ಹಾಕಿದರೆ ಮುಗಿಯುತ್ತಿತ್ತಂತೆ. ಇದಕ್ಕೆ ಮಾತ್ರ ಆರಾರು ತಿಂಗಳಿಗೆ ಯಾಕೆ, ಈ ಸಲ ಬಿಡಬಹುದಾ?

ಬಿಡಬೇಡಿ. ನಾನು ಪಶುವೈದ್ಯೆ. 2013ರಲ್ಲಿ ಕರ್ನಾಟಕದಲ್ಲಿ ಕಾಲುಬಾಯಿ ಜ್ವರ ಹಬ್ಬಿದಾಗ ಕೋಲಾರದ ಕಡೆ ಹಳ್ಳಿ ಹಳ್ಳಿ ತಿರುಗಿದವಳು. ಆ ತಿಂಗಳುಗಳನ್ನು ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ.

ನಿಮ್ಮ ತಾತ ಹೇಳಿದ್ದು ನಿಜ. ದೊಡ್ಡರೋಗದ ವೈರಸ್ಸಿನಲ್ಲಿ ಇದ್ದದ್ದು ಒಂದೇ ಬಗೆ. ಅದರ ಲಸಿಕೆಯೂ ಜೀವಂತ ವೈರಸ್ಸೇ, ಆದರೆ ಶಕ್ತಿ ಕುಂದಿಸಿದ್ದು. ಆ ವೈರಸ್ಸನ್ನು ಆಡುಗಳಲ್ಲಿ ಬೆಳೆಸಿ ಬೆಳೆಸಿ ಪಳಗಿಸುವ ಕೆಲಸ 1920ರ ದಶಕದಲ್ಲಿ ಹಿಮಾಲಯದ ತಪ್ಪಲಿನ ಮುಕ್ತೇಶ್ವರದ ಸಂಶೋಧನಾಲಯದಲ್ಲಿ ನಡೆಯಿತು. ಮುಂದೆ ಕೀನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಎಂಬ ಪಶುವಿಜ್ಞಾನಿ ಜೀವಕೋಶಗಳಲ್ಲಿ ಬೆಳೆಸಿದ ಇನ್ನೂ ಸುರಕ್ಷಿತವಾದ ಲಸಿಕೆ ತಂದರು. ಒಮ್ಮೆ ಹಾಕಿಸಿದರೆ ದನದ ಆಯಸ್ಸಿಗೆಲ್ಲ ಸಾಕಾಗುತ್ತಿತ್ತು. ಗುಣವಾದ ದನದ ಮೈಯಲ್ಲಿ ವೈರಸ್ ಅಡಗಿ ಕೂರುತ್ತಲೂ ಇರಲಿಲ್ಲ. ಹಾಗಾಗಿಯೇ ನಮ್ಮ ದೇಶದಲ್ಲಿ 1995ಕ್ಕೆ ಕೊನೆಯ ಪ್ರಕರಣ ಕಂಡಿತು, 2011ರಲ್ಲಿ ಇಡೀ ಜಗತ್ತಿನಿಂದಲೇ ಅದು ತೊಲಗಿದೆ ಎಂದು ಘೋಷಿಸಿದರು.

ಕಾಲುಬಾಯಿ ಅಂಥದ್ದಲ್ಲ. ಅದರ ವೈರಸ್ಸಿನಲ್ಲಿ ಏಳು ಬಗೆ. ನಮ್ಮ ದೇಶದಲ್ಲಿ ಈಗ ಓಡಾಡುತ್ತಿರುವುದು ಮೂರು: ಓ, ಎ ಮತ್ತು ಏಷ್ಯಾ-1. ಓ ಬಂದು ವಾಸಿಯಾದ ಹಸುವಿಗೆ ಏಷ್ಯಾ-1 ಹೊಸ ರೋಗವಾಗಿ ಬರಬಹುದು. ಅದಕ್ಕೇ ಲಸಿಕೆಯಲ್ಲಿ ಮೂರನ್ನೂ ಸೇರಿಸಿರುತ್ತಾರೆ. ಈ ವೈರಸ್ ಮತ್ತೆ ಮತ್ತೆ ರೂಪ ಬದಲಿಸುವುದರಿಂದ, ಊರಲ್ಲಿ ಕಂಡ ರೋಗಕ್ಕೂ ಲಸಿಕೆಯಲ್ಲಿರುವ ತಳಿಗೂ ಹೊಂದುತ್ತದೆಯೇ ಎಂದು ಪ್ರಯೋಗಾಲಯದವರು ತಾಳೆ ನೋಡುತ್ತಲೇ ಇರಬೇಕು. ನಾಲಿಗೆಯ ಗುಳ್ಳೆಯ ಸಿಪ್ಪೆಯನ್ನು ನಮ್ಮಂಥವರು ಸೀಸೆಯಲ್ಲಿ ಹಾಕಿ ಕಳಿಸುವುದು ಅದಕ್ಕೇ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಕಾಲುಬಾಯಿ ಲಸಿಕೆಯಲ್ಲಿರುವುದು ಸತ್ತ ವೈರಸ್. ಪಳಗಿಸಿದ ಜೀವಂತ ವೈರಸ್ಸನ್ನು ಇಲ್ಲಿ ನಂಬುವ ಹಾಗಿಲ್ಲ, ಅದು ಮತ್ತೆ ರೋಗ ತರುವ ರೂಪಕ್ಕೆ ತಿರುಗಬಹುದು. ಸತ್ತದ್ದು ಮೈಯಲ್ಲಿ ಬೆಳೆಯುವುದಿಲ್ಲವಾದ್ದರಿಂದ ದೇಹಕ್ಕೆ ಅದರ ನೆನಪೂ ಬೇಗ ಮಾಸುತ್ತದೆ. ಹೆಚ್ಚು ಕಾಲ ಬರಲೆಂದು ಎಣ್ಣೆಯಲ್ಲಿ ಕಲಸಿ ಕೊಟ್ಟರೂ ರಕ್ಷಣೆ ಉಳಿಯುವುದು ಸುಮಾರು ಆರು ತಿಂಗಳು ಮಾತ್ರ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದೇ.

ಹಾಲು ಇಳಿಯುವುದು ಸುಳ್ಳಲ್ಲ. ಸೂಜಿ ಬಿದ್ದ ಹಸುವಿಗೆ ಮೈ ಬಿಸಿಯಾಗುತ್ತದೆ, ಮೇವು ಕಮ್ಮಿ ಮಾಡುತ್ತದೆ. ನಾನು ಕಂಡಂತೆ ಎರಡು ಮೂರು ದಿನಕ್ಕೆ ಸರಿಹೋಗುತ್ತದೆ. ಆ ಹಾಲನ್ನು ಕುಡಿಯಬಹುದು, ಡೇರಿಗೂ ಹಾಕಬಹುದು. ದಿನದ ಲೆಕ್ಕದಲ್ಲಿ ಬದುಕುವ ಮನೆಗೆ ಮೂರು ದಿನದ ಹಾಲೂ ದುಡ್ಡೇ, ಅದು ನನಗೆ ಗೊತ್ತು. ಆದರೆ ಅದನ್ನು ರೋಗ ಬಂದಾಗ ಆಗುವುದರ ಪಕ್ಕ ಇಟ್ಟು ನೋಡಿ.

ಒಂದು ಮನೆಗೆ ಬೆಳಿಗ್ಗೆ ಹೋದಾಗ ಹಸುವಿನ ಬಾಯಿಂದ ಹಗ್ಗದ ಹಾಗೆ ಜೊಲ್ಲು ಇಳಿಯುತ್ತಿತ್ತು. ನಾಲಿಗೆ ಹಿಡಿದರೆ ಮೇಲಿನ ಚರ್ಮ ಕೈಗವಸಿನಂತೆ ಸುಲಿದು ನನ್ನ ಕೈಗೇ ಬಂತು. ಅದರ ಮೂರು ವಾರದ ಕರು ಹಿಂದಿನ ಸಂಜೆ ಮೊಲೆ ಕುಡಿಯುತ್ತಿದ್ದದ್ದು ಇದ್ದಕ್ಕಿದ್ದಂತೆ ಬಿದ್ದು ಸತ್ತಿತ್ತು, ಬಾಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಕೊಯ್ದು ನೋಡಿದರೆ ಹೃದಯದ ಮೇಲೆ ಬಿಳಿ ಹಳದಿ ಪಟ್ಟೆಗಳು. ಹುಲಿಪಟ್ಟೆ ಹೃದಯ ಎಂದು ಓದಿದ್ದೆ, ಕಣ್ಣಾರೆ ನೋಡಿದ್ದು ಅಂದೇ. ಆ ಮನೆಯ ಅಮ್ಮ ಕರುವನ್ನು ಹೂಳಲು ಕೊಡದೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

ಹಸು ಬದುಕಿತು. ಮುಂದಿನ ಬೇಸಿಗೆಗೆ ಮತ್ತೆ ಹೋದೆ. ಮೈತುಂಬ ಉದ್ದ ಕೂದಲು ಬೆಳೆಸಿಕೊಂಡು, ನೆರಳಲ್ಲಿ ನಿಂತರೂ ನಾಯಿಯ ಹಾಗೆ ತೇಕುತ್ತಿತ್ತು. ಕಾಲುಬಾಯಿ ಬಂದುಹೋದ ಕೆಲವು ದನಗಳಿಗೆ ಹೀಗೆ ಬಿಸಿಲು ತಾಳುವ ಶಕ್ತಿಯೇ ಹೋಗುತ್ತದೆ. ಹಾಲು ಹಳೆಯ ಮಟ್ಟಕ್ಕೆ ಬರಲಿಲ್ಲ, ಬೆದೆಗೂ ಸರಿಯಾಗಿ ಬರಲಿಲ್ಲ.

“ನಮ್ಮೂರಲ್ಲಿ ಈಗ ರೋಗ ಇಲ್ಲವಲ್ಲ” ಎಂದು ನೀವು ಕೇಳಬಹುದು. ಗುಳ್ಳೆ ಕಾಣುವ ಮೊದಲೇ ಜೊಲ್ಲಿನಲ್ಲಿ, ಹಾಲಿನಲ್ಲಿ ವೈರಸ್ ಇರುತ್ತದೆ. ವಾಸಿಯಾದ ಹಸುವಿನ ಗಂಟಲಲ್ಲಿ ವರ್ಷಗಟ್ಟಲೆ ಉಳಿಯುವುದೂ ಉಂಟು. ಸಂತೆಯಿಂದ ತಂದ ಒಂದು ದನ, ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗುವ ಒಂದು ಚಪ್ಪಲಿ ಸಾಕು. ಊರಿನ ದನಗಳಲ್ಲಿ ನೂರಕ್ಕೆ ಎಂಬತ್ತಾದರೂ ರಕ್ಷಣೆಯಲ್ಲಿದ್ದರೆ ರೋಗ ಬಂದರೂ ಹರಡಲು ದಾರಿ ಸಿಗುವುದಿಲ್ಲ. ನಿಮ್ಮ ನಾಲ್ಕನ್ನು ಬಿಟ್ಟರೆ, ಪಕ್ಕದವರು ಅವರ ಆರನ್ನು ಬಿಟ್ಟರೆ, ಆ ಲೆಕ್ಕವೇ ಮುರಿಯುತ್ತದೆ. 2019ರ ಸೆಪ್ಟೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮನೆಬಾಗಿಲಿಗೇ ಬಂದು ಪುಕ್ಕಟೆ ಹಾಕುತ್ತಿರುವುದು ಇದಕ್ಕೇ.

ಹಾಕಿಸುವಾಗ ಕೆಲವು ವಿಷಯ ನೋಡಿಕೊಳ್ಳಿ. ಎರಡು ವಾರ ಮುಂಚೆ ಜಂತಿನ ಔಷಧಿ ಕೊಡಿಸಿ. ತಂಪು ಹೊತ್ತಿನಲ್ಲಿ ಹಾಕಿಸಿ, ಆ ದಿನ ನೀರು ಧಾರಾಳವಾಗಿ ಇಡಿ. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು: ಬಂದವರ ಡಬ್ಬಿಯಲ್ಲಿ ಐಸ್ ಇದೆಯೇ, ಸೀಸೆ ಮುಟ್ಟಿದರೆ ತಣ್ಣಗಿದೆಯೇ ಎಂದು ಕೇಳಿ ನೋಡಿ. ಇದರಲ್ಲಿ ಸಂಕೋಚ ಬೇಡ, ಬಿಸಿಯಾದ ಲಸಿಕೆ ಹಾಕಿಸಿಕೊಂಡರೂ ಒಂದೇ ಬಿಟ್ಟರೂ ಒಂದೇ. ಒಂದು ದನಕ್ಕೆ ಒಂದು ಸೂಜಿ ಎಂದು ಪಟ್ಟು ಹಿಡಿಯಿರಿ. ಜ್ವರ ಇರುವ ದನ, ಕರು ಹಾಕಲು ದಿನ ಎಣಿಸುತ್ತಿರುವ ಹಸು ಇದ್ದರೆ ಮೊದಲೇ ತಿಳಿಸಿ, ಅವಕ್ಕೆ ಆಮೇಲೆ ಹಾಕುತ್ತಾರೆ. ಚುಚ್ಚಿದ ಜಾಗದಲ್ಲಿ ಗಂಟು ಬಂದರೆ ಉಜ್ಜಬೇಡಿ, ತಾನಾಗಿ ಕರಗುತ್ತದೆ.

ನಿಮ್ಮಲ್ಲಿ ಕರುಗಳಿದ್ದರೆ ನಾಲ್ಕು ತಿಂಗಳು ತುಂಬಿದ ಮೇಲೆ ಮೊದಲ ಸೂಜಿ, ಅದಾದ ಸುಮಾರು ಒಂದು ತಿಂಗಳಿಗೆ ಇನ್ನೊಂದು. ಆ ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ಲಸಿಕೆಯವರು ಆ ಹೊತ್ತಿಗೆ ನಿಮ್ಮೂರಿಗೆ ಬಾರದಿದ್ದರೆ ನೀವೇ ಹತ್ತಿರದ ಪಶು ಆಸ್ಪತ್ರೆಗೆ ಹೊಡೆದುಕೊಂಡು ಹೋಗಿ ಹಾಕಿಸಿ.